ಬೆನ್ನುಹುರಿ ಪೆಟ್ಟಾದವರಲ್ಲಿ ಮಾತ್ರೆಯ ಅಡ್ಡ ಪರಿಣಾಮ ಹಿಡಿಯೋದು ಹೇಗೆ? ಮನೆಯವರಿಗೆ ಒಂದು ಹಾಳೆ ಬರೀಬೇಕಿದೆ

ಮನೆಭೇಟಿ_ನರ್ಸ್
ಬೆನ್ನುಹುರಿ ಪೆಟ್ಟಾಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಕಡೆಯವರಿಗೆ ಕೊಡೋಕೆ ಒಂದು ಹಾಳೆ ತಯಾರು ಮಾಡ್ತಿದ್ದೀನಿ. ‘ಈ ಮಾತ್ರೆ ತಗೊಂಡಾಗ ಹೀಗಾದ್ರೆ ತಕ್ಷಣ ಹೇಳಿ’ ಅನ್ನೋ ಥರದ್ದು. ಮಾಮೂಲಿ ಪಟ್ಟಿ ಬರೆದೆ: ಹೊಟ್ಟೆನೋವು, ಕಾಲು ಜೋಮು, ಸುಸ್ತು, ಮಲಬದ್ಧತೆ. ಬರೆದಾದ ಮೇಲೆ ಓದಿದ್ರೆ ಒಂದೂ ಕೆಲಸಕ್ಕೆ ಬರೋ ಹಾಗಿಲ್ಲ. ಟಿ4 (ಎದೆ ಭಾಗದ ನಾಲ್ಕನೇ ಬೆನ್ನುಮೂಳೆ ಮಟ್ಟ) ಪೂರ್ತಿ ಪೆಟ್ಟಿನವರಿಗೆ ಹೊಟ್ಟೆನೋವು ಸರಿಯಾಗಿ ಗೊತ್ತಾಗಲ್ಲ, ಕಾಲಲ್ಲಿ ಸ್ಪರ್ಶವೇ ಇಲ್ಲ, ಮಲಬದ್ಧತೆ ದಿನಾ ಇದ್ದದ್ದೇ. ಹಾಗಾದ್ರೆ ಮನೆಯವರು ನೋಡಬೇಕಾದ್ದು ಏನನ್ನ?

ಚೀಟಿಯಲ್ಲಿ ಹೆಚ್ಚಾಗಿ ಇರೋದು: ಸ್ನಾಯು ಬಿಗಿತಕ್ಕೆ ಬ್ಯಾಕ್ಲೋಫೆನ್, ಕೆಲವರಿಗೆ ಟಿಜಾನಿಡಿನ್, ನರದ ನೋವಿಗೆ ಪ್ರಿಗ್ಯಾಬಲಿನ್, ಬ್ಲ್ಯಾಡರ್‌ಗೆ ಆಕ್ಸಿಬ್ಯುಟಿನಿನ್ ಅಥವಾ ಸೋಲಿಫೆನಾಸಿನ್, ಮಲ ಸಡಿಲವಾಗೋಕೆ ರಾತ್ರಿಗೆ ಬೈಸಾಕೊಡಿಲ್, ಆಗಾಗ ಆಂಟಿಬಯಾಟಿಕ್.

ಕ್ಯಾತಿಟರ್_ಕಾಕಾ
ಏನೇ ಆಗ್ಲಿ, ಮೊದಲು ಮೂತ್ರದ ಪೈಪು (ಕ್ಯಾತಿಟರ್) ನೋಡಿ, ಆಮೇಲೆ ಮಾತ್ರೆ. ಪೈಪು ಮಡಚಿಕೊಂಡಿರುತ್ತೆ, ಬ್ಯಾಗ್ ತುಂಬಿರುತ್ತೆ, ಮನೆಯವರು ಮಾತ್ರೆಗೆ ಬೈತಾ ಕೂತಿರ್ತಾರೆ.

ಗುಳಿಗೆಪೆಟ್ಟಿಗೆ
ಕಾಕಾ ಹೇಳಿದ್ದು ಅರ್ಧ ಸರಿ. ಪೈಪು ನೋಡೋಕೆ ಎರಡು ನಿಮಿಷ ಸಾಕು, ನೋಡಲೇಬೇಕು. ಆದರೆ ಅಲ್ಲಿಗೇ ನಿಲ್ಲಿಸಬಾರದು. ಹಾಳೆಯ ಮೇಲ್ತುದಿಯಲ್ಲಿ ಲಕ್ಷಣಗಳ ಪಟ್ಟಿ ಬೇಡ, ಒಂದೇ ಪ್ರಶ್ನೆ ಹಾಕಿ: ‘ಕಳೆದ 14 ದಿನದಲ್ಲಿ ಯಾವ ಮಾತ್ರೆ ಹೊಸದಾಗಿ ಬಂತು, ಯಾವುದು ನಿಂತಿತು, ಯಾವುದರ ಪ್ರಮಾಣ ಬದಲಾಯ್ತು?’ ದೇಹ ಬಾಯಿಬಿಟ್ಟು ಹೇಳದಿದ್ದಾಗ ತಾರೀಕೇ ಸಾಕ್ಷಿ ಹೇಳಬೇಕು.

ರಿಹ್ಯಾಬ್_ಡಾಕ್ಟ್ರು
ತಾರೀಕಿನ ಜೊತೆಗೆ ಆ ವ್ಯಕ್ತಿಯ ‘ಮಾಮೂಲಿ’ ಎಷ್ಟು ಅನ್ನೋದೂ ಬೇಕು. ಚೆನ್ನಾಗಿರೋ ದಿನಗಳಲ್ಲೇ ಒಂದು ವಾರ ಬರೆದಿಡಲಿ: ಮಲಗಿದಾಗಿನ ಬಿಪಿ, ಕೂರಿಸಿ ಮೂರು ನಿಮಿಷ ಆದ ಮೇಲಿನ ಬಿಪಿ, ದಿನದ ಮೂತ್ರ ಎಷ್ಟು ಮಿಲಿ, ಮಲ ಎಷ್ಟು ದಿನಕ್ಕೊಮ್ಮೆ, ರಾತ್ರಿ ಎಷ್ಟು ಸಲ ಕಾಲು ಸೆಟೆದುಕೊಳ್ಳುತ್ತೆ, ಹಗಲು ಎಷ್ಟು ಹೊತ್ತು ನಿದ್ದೆ. ಟಿ6 ಮತ್ತು ಅದಕ್ಕಿಂತ ಮೇಲಿನ ಪೆಟ್ಟಿನವರಲ್ಲಿ ಮಾಮೂಲಿ ಬಿಪಿಯೇ 90, 100ರ ಹತ್ತಿರ ಇರುತ್ತೆ. ಅಂಥವರಿಗೆ 135 ಬಂದರೆ ಪಕ್ಕದ ಕ್ಲಿನಿಕ್‌ನಲ್ಲಿ ‘ನಾರ್ಮಲ್’ ಅಂತ ಬರೆದು ಕಳಿಸ್ತಾರೆ. ಅದು ನಾರ್ಮಲ್ ಅಲ್ಲ. ಬಿಪಿಯ ಮೇಲಿನ ಅಂಕಿ ಅವರವರ ಮಾಮೂಲಿಗಿಂತ 20ರಿಂದ 40ರಷ್ಟು ಏರಿದರೆ, ಪೆಟ್ಟಿನ ಕೆಳಗಿನ ಯಾವುದೋ ಕಿರಿಕಿರಿಗೆ ಬಿಪಿ ದಿಢೀರ್ ಏರೋ ಡಿಸ್‌ರಿಫ್ಲೆಕ್ಸಿಯಾ ಅಂತಲೇ ಹಿಡಿದು ಕಾರಣ ಹುಡುಕಬೇಕು.

ಧಾರವಾಡ_ಫಿಸಿಯೋ
ಬ್ಯಾಕ್ಲೋಫೆನ್ ಬಗ್ಗೆ ಒಂದ್ ಮಾತು ಬರಕೊಳ್ರಿ. ಎಲ್ಲಾರೂ ‘ನಿದ್ದೆ ಬರ್ತೈತಿ’ ಅಂತಷ್ಟ ಬರೀತಾರ. ನಮ್ಮ ಕಣ್ಣಿಗೆ ಮೊದಲು ಬೀಳೋದು ಬ್ಯಾರೆ. ಅರ್ಧಮರ್ಧ ಪೆಟ್ಟಿನವರು ಆ ಬಿಗಿತದ ಮ್ಯಾಲೇ ನಿಲ್ತಿರ್ತಾರ, ಮಂಚದಿಂದ ಗಾಲಿ ಕುರ್ಚಿಗೆ ದಾಟೋವಾಗ ಬಿಗಿಯಾದ ಕಾಲ ಅವರಿಗೆ ಕಂಬ. ಡೋಸ್ ಏರಿಸಿದ ಮೂರನೇ ದಿನಕ್ಕ ಆ ಕಂಬ ಕುಸಿತೈತಿ. ‘ಅಶಕ್ತಿ ಆಗೇತಿ, ಟಾನಿಕ್ ಕೊಡ್ರಿ’ ಅಂತ ಮನಿಯವ್ರು ಕೇಳ್ತಾರ. ಟಾನಿಕ್ ಅಲ್ಲರೀ, ಡೋಸ್ ಹೆಚ್ಚಾಗೇತಿ. ಎಲ್ಲಾ ಬಿಗಿತಾನೂ ಶತ್ರು ಅಲ್ಲ.

ಗುಳಿಗೆಪೆಟ್ಟಿಗೆ
@ಧಾರವಾಡ_ಫಿಸಿಯೋ ಸರಿ. ಬ್ಯಾಕ್ಲೋಫೆನ್ ಶುರು ಮಾಡೋದು 5 ಮಿಗ್ರಾಂ ದಿನಕ್ಕೆ ಮೂರು ಸಲ, ಮೂರು ದಿನಕ್ಕೊಮ್ಮೆ ಏರಿಸ್ತಾ ಹೋಗೋದು, ಸಾಮಾನ್ಯ ಮಿತಿ ದಿನಕ್ಕೆ 80 ಮಿಗ್ರಾಂ. ಹೆಚ್ಚಾದಾಗಿನ ಕಾಟಕ್ಕಿಂತ ತಟ್ಟನೆ ನಿಂತಾಗಿನ ಕಾಟ ಕೆಟ್ಟದ್ದು. ಅಂಗಡಿಯಲ್ಲಿ ಸ್ಟಾಕ್ ಇಲ್ಲ, ಸೋಮವಾರ ಬನ್ನಿ ಅಂದ್ರು ಅಂತ ಎರಡು ದಿನ ತಪ್ಪಿತು ಅನ್ನಿ. ಸ್ಪಾಸಂ (ಸ್ನಾಯು ಸೆಟೆದುಕೊಳ್ಳೋದು) ಮೊದಲಿಗಿಂತ ಜೋರಾಗಿ ಮರಳುತ್ತೆ, ಜ್ವರ, ಇಲ್ಲದ್ದು ಕಾಣೋದು, ಅಸಂಬದ್ಧ ಮಾತು, ಕೆಲವರಿಗೆ ಫಿಟ್ಸ್. ಒಂದರಿಂದ ಮೂರು ದಿನದೊಳಗೆ ಶುರುವಾಗುತ್ತೆ. ಹಾಗಾಗಿ ಮಾತ್ರೆಯ ಕೊನೇ ಪಟ್ಟಿ (ಸ್ಟ್ರಿಪ್) ಒಡೆದ ದಿನವೇ ಹೊಸದು ತರಬೇಕು, ಖಾಲಿಯಾದ ಮೇಲಲ್ಲ.

ಸುಮ್ನೆ_ಓದೋನು
ಜ್ವರ ಪ್ಲಸ್ ಸ್ಪಾಸಂ ಅಂದ್ರೆ ಯೂರಿನ್ ಇನ್‌ಫೆಕ್ಷನ್ ಅಲ್ವಾ? ಎರಡನ್ನೂ ಬೇರೆ ಮಾಡೋದು ಹೇಗೆ?

ಕ್ಯಾತಿಟರ್_ಕಾಕಾ
ನಾನು ಅದನ್ನೇ ಹೇಳ್ತಿರೋದು. ಮೂತ್ರ ಪರೀಕ್ಷೆ ಮಾಡಿಸಿ, ಪಸ್ ಸೆಲ್ ಬಂದ್ರೆ ಸಿಪ್ರೋ ಆಂಟಿಬಯಾಟಿಕ್ ಐದು ದಿನ. ಮುಗೀತು.

ರಿಹ್ಯಾಬ್_ಡಾಕ್ಟ್ರು
ಕಾಕಾ, ಮುಗಿಯೋದಿಲ್ಲ, ಅಲ್ಲಿಂದಲೇ ಶುರುವಾಗುತ್ತೆ. ಪೈಪು ಹಾಕಿಕೊಂಡವರ ಮೂತ್ರದಲ್ಲಿ ಬ್ಯಾಕ್ಟೀರಿಯಾ, ಪಸ್ ಸೆಲ್ ಹೆಚ್ಚುಕಡಿಮೆ ಯಾವಾಗಲೂ ಇರುತ್ತೆ. ಲಕ್ಷಣವಿಲ್ಲದೆ ಬರೀ ರಿಪೋರ್ಟಿಗೆ ಆಂಟಿಬಯಾಟಿಕ್ ಕೊಡೋ ಹಾಗಿಲ್ಲ. ಜ್ವರ, ಮಾಮೂಲಿಗಿಂತ ಹೆಚ್ಚಿದ ಸ್ಪಾಸಂ, ಹೊಸದಾಗಿ ಪೈಪಿನ ಪಕ್ಕ ಸೋರೋದು, ಮೈ ಸರಿಯಿಲ್ಲ ಅನ್ನೋ ಭಾವ, ಡಿಸ್‌ರಿಫ್ಲೆಕ್ಸಿಯಾ, ಇವು ಜೊತೆಗೆ ಇರಬೇಕು. ಗಬ್ಬು ವಾಸನೆ ಅಥವಾ ಕದಡಿದ ಬಣ್ಣ ಒಂದೇ ಸಾಲದು.

@ಸುಮ್ನೆ_ಓದೋನು ಬೇರೆ ಮಾಡೋದು ಮಾತ್ರೆ ಎಣಿಸಿ. ಪಟ್ಟಿಯಲ್ಲಿ ಎಷ್ಟು ಉಳಿದಿರಬೇಕಿತ್ತು, ಎಷ್ಟಿದೆ? ವಾಂತಿ ಆಗಿ ಮಾತ್ರೆ ಹೊರಗೆ ಹೋಗಿದೆಯಾ? ಡೋಸ್ ತಪ್ಪಿದ್ದು ಖಚಿತವಾದರೂ ಜ್ವರ ಇದ್ದಾಗ ಇನ್‌ಫೆಕ್ಷನ್ ಹುಡುಕೋದು ಬಿಡಬಾರದು, ಎರಡೂ ಒಟ್ಟಿಗೆ ಇರಬಹುದು.

ಗುಳಿಗೆಪೆಟ್ಟಿಗೆ
ಸಿಪ್ರೋ ಹೆಸರು ಬಂದಿದ್ದು ಒಳ್ಳೇದಾಯ್ತು. ಟಿಜಾನಿಡಿನ್ ತಗೊಳ್ತಿರೋರಿಗೆ ಸಿಪ್ರೋಫ್ಲಾಕ್ಸಾಸಿನ್ ಕೊಡಲೇಬಾರದು. ಟಿಜಾನಿಡಿನ್ ಕರಗಿಸೋ ಲಿವರ್ ಕಿಣ್ವವನ್ನ ಸಿಪ್ರೋ ಕಟ್ಟಿಹಾಕುತ್ತೆ. ರಕ್ತದಲ್ಲಿ ಟಿಜಾನಿಡಿನ್ ಒಟ್ಟು ಪ್ರಮಾಣ ಸುಮಾರು 10 ಪಟ್ಟು ಆಗುತ್ತೆ. 2 ಮಿಗ್ರಾಂ ನುಂಗಿದವರು 20 ನುಂಗಿದ ಹಾಗೆ. ಬಿಪಿ ಪಾತಾಳಕ್ಕೆ, ನಾಡಿ ನಿಧಾನ, ಎಬ್ಬಿಸಿದರೂ ಏಳದಷ್ಟು ಮಂಪರು. ಮೊದಲೇ ಬಿಪಿ 90 ಇರೋರಿಗೆ ಇದು ಆಟ ಅಲ್ಲ.

ಇನ್ನೊಂದು ಮೋಸ ಪಟ್ಟಿಯ ಹಿಂಭಾಗದಲ್ಲಿದೆ. ಭುಜನೋವಿಗೆ ಅಂತ ಕೌಂಟರ್‌ನಲ್ಲಿ ಕೊಡೋ ನೋವಿನ ಮಾತ್ರೆ ತಿರುಗಿಸಿ ಓದಿ. ದಪ್ಪ ಅಕ್ಷರದ ಬ್ರ್ಯಾಂಡ್ ಹೆಸರಿನ ಕೆಳಗೆ ಇರುವೆ ಸಾಲಿನ ಥರ: ಅಸಿಕ್ಲೋಫೆನಾಕ್ 100 ಮಿಗ್ರಾಂ, ಪ್ಯಾರಸಿಟಮಾಲ್ 325 ಮಿಗ್ರಾಂ, ಟಿಜಾನಿಡಿನ್ 2 ಮಿಗ್ರಾಂ. ‘ನಮ್ಮವರು ಟಿಜಾನಿಡಿನ್ ತಗೊಳ್ಳಲ್ಲ’ ಅಂತ ಮನೆಯವರು ಆಣೆ ಮಾಡಿ ಹೇಳ್ತಾರೆ, ಅದು ದಿನಕ್ಕೆರಡು ಸಲ ಹೊಟ್ಟೆಗೆ ಹೋಗ್ತಿರುತ್ತೆ.

ಕ್ಯಾತಿಟರ್_ಕಾಕಾ
ಇದು ಗೊತ್ತಿರಲಿಲ್ಲ. ‘ಸಿಪ್ರೋ ಐದು ದಿನ’ ಅಂದಿದ್ದು ವಾಪಸ್.

ಧಾರವಾಡ_ಫಿಸಿಯೋ
ಸಿಪ್ರೋ, ಲೀವೋಫ್ಲಾಕ್ಸಾಸಿನ್ ಗುಂಪಿಗೇ ಇನ್ನೊಂದ್ ಕಂಟಕ ಐತಿ: ಹಿಮ್ಮಡಿ ಮ್ಯಾಲಿನ ದಪ್ಪ ಸ್ನಾಯು ಹುರಿ, ಅಂದ್ರ ಅಕಿಲಿಸ್ ಟೆಂಡನ್, ಊದಿಕೊಂಡು ಹರಿಯೋದು. ಅಮೆರಿಕದ ಎಫ್‌ಡಿಎ 2008ರಾಗ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸೇತಿ. ನಡಿಯೋ ಮನಷ್ಯಾ ಮೊದಲನೇ ನೋವಿಗೇ ಕುಂತು ಬಿಡ್ತಾನ. ಇವರಿಗೆ ನೋವೇ ಗೊತ್ತಾಗಂಗಿಲ್ಲ, ಮ್ಯಾಲಿಂದ ನಾವು ದಿನಾ ಪಾದ ಹಿಡಿದು ಮೇಲಕ್ಕ ಒತ್ತತೀವಿ. ಹಂಗಾಗಿ ಆ ಔಷಧ ನಡೆಯೋ ದಿನ, ಅದಾದ ಮ್ಯಾಲೂ ಕೆಲವು ವಾರ, ಹಿಮ್ಮಡಿ ಸ್ಟ್ರೆಚ್ ಮೆಲ್ಲಕ ಮಾಡ್ರಿ. ಎರಡೂ ಕಾಲು ಜೋಡಿಸಿಟ್ಟು, ಹಿಮ್ಮಡಿ ಮ್ಯಾಲೆ ನಾಕು ಬೆರಳು ಎತ್ತರದಾಗ ಎರಡು ಬೆರಳಿಂದ ಹಿಡಿದು ನೋಡ್ರಿ. ಒಂದು ಕಡೆ ದಪ್ಪ, ಬೆಚ್ಚಗ ಇತ್ತಂದ್ರ ಸ್ಟ್ರೆಚ್ ನಿಲ್ಲಿಸಿ ಡಾಕ್ಟರಿಗೆ ಹೇಳ್ರಿ. ವಯಸ್ಸು 60 ದಾಟಿದವರಿಗೆ, ಸ್ಟಿರಾಯ್ಡ್ ತಗೊಳ್ಳೋರಿಗೆ ಅಪಾಯ ಜಾಸ್ತಿ.

ಕರಾವಳಿ_ಒಟಿ
ಕಾಲು ಊದುವ ವಿಷಯ ಬಂತು, ಹಾಗಾಗಿ ಇದನ್ನೂ ಹಾಕುತ್ತೇನೆ. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್‌ನಲ್ಲಿ ಪಾದ ಊದುವುದುಂಟು. ಅದು ಎರಡೂ ಕಾಲಿಗೆ ಹೆಚ್ಚುಕಡಿಮೆ ಸಮನಾಗಿ ಬರುತ್ತದೆ, ಡೋಸ್ ಏರಿಸಿದ ಮೇಲೆ ಬರುತ್ತದೆ. ಒಂದೇ ಕಾಲು ಊದಿದರೆ ಮಾತ್ರೆಯ ತಲೆಗೆ ಕಟ್ಟಬೇಡಿ. ಟೇಪ್ ತಗೊಳ್ಳಿ: ಮೊಣಕಾಲ ಚಿಪ್ಪಿನ ಕೆಳಗೆ ಮೂಳೆಯ ಗುಬುಟು ಕೈಗೆ ಸಿಗುತ್ತದಲ್ಲ, ಅಲ್ಲಿಂದ 10 ಸೆಂ.ಮೀ. ಕೆಳಗೆ ಪೆನ್ನಿನಲ್ಲಿ ಗುರುತು ಹಾಕಿ ಎರಡೂ ಮೀನಖಂಡದ ಸುತ್ತಳತೆ ಅಳೆಯಿರಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅದೇ ದಿನ ಡಾಪ್ಲರ್ (ರಕ್ತನಾಳದ ಸ್ಕ್ಯಾನ್). ವ್ಯತ್ಯಾಸ ಕಡಿಮೆ ಇದ್ದರೂ ಒಂದು ಕಾಲು ಹೊಸದಾಗಿ ಊದಿದೆ, ಬಿಸಿಯಾಗಿದೆ ಅಂದರೆ ತೋರಿಸಲೇಬೇಕು. ಮತ್ತೆ, ಊದಿದ ಕಾಲನ್ನು ತಿಕ್ಕಲೇಬಾರದು. ಎಣ್ಣೆ ಹಾಕಿ ನೀವುವ ಅಜ್ಜಿಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕು.

ರಿಹ್ಯಾಬ್_ಡಾಕ್ಟ್ರು
ಇದಕ್ಕೆ ಸೇರಿಸಿ: ರಕ್ತ ತೆಳುವಾಗಿಸೋ ಇಂಜೆಕ್ಷನ್, ಎನಾಕ್ಸಪ್ಯಾರಿನ್ ನಡೀತಿರುವಾಗ ತೊಡೆ ಊದಿದರೆ ಒಳಗೆ ರಕ್ತ ಹೆಪ್ಪುಗಟ್ಟಿ ಗಡ್ಡೆ ಆಗಿರಬಹುದು. ಮೂಳೆ ಮುರಿದಿರಬಹುದು, ಕೀಲಿನ ಸುತ್ತ ಹೊಸ ಮೂಳೆ ಬೆಳೀತಿರಬಹುದು, ರಕ್ತನಾಳ ಕಟ್ಟಿರಬಹುದು. ನಾಲ್ಕೂ ಹೊರಗಿನಿಂದ ಒಂದೇ ಥರ ಕಾಣುತ್ತೆ, ನೋವು ಯಾವುದರಲ್ಲೂ ಗೊತ್ತಾಗಲ್ಲ. ಮುಖ ಬಿಳಿಚಿ ನಾಡಿ ಓಡ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮೊದಲು.

ಮನೆಭೇಟಿ_ನರ್ಸ್
ನಿದ್ದೆ, ಮಂಪರು ಬಗ್ಗೆ ಏನು ಬರೀಲಿ? ಎಲ್ಲಾ ಮಾತ್ರೆಗೂ ಅದೇ ಇದೆ.

ಟಿ4_ಗಾಲಿ
ನಿದ್ದೆ ಅಂತ ಬರೀಬೇಡಿ, ‘ಎತ್ತಿಕೊಳ್ಳೋದು ತಪ್ಪಿದೆಯಾ’ ಅಂತ ಬರೀರಿ. ಕುರ್ಚಿಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಕುಂಡಿಯ ಭಾರ ಇಳಿಸಬೇಕು. ಮಂಪರಿನಲ್ಲಿ ಎರಡು ಗಂಟೆ ಹಾಗೇ ಕೂತರೆ ಸಂಜೆಗೆ ಕೆಂಪು ಗುರುತು. ಬೆಡ್‌ಸೋರ್‌ಗೆ ಕುಶನ್ ಬದಲಾಯಿಸ್ತಾರೆ, ಬೆಳಗಿನ ಪ್ರಿಗ್ಯಾಬಲಿನ್ ಡೋಸನ್ನ ಯಾರೂ ನೋಡಲ್ಲ.

ಕರಾವಳಿ_ಒಟಿ
👏 ಇದೇ ವಾಕ್ಯ ಹಾಳೆಯಲ್ಲಿ ಇರಲಿ.

ರಿಹ್ಯಾಬ್_ಡಾಕ್ಟ್ರು
ಕುತ್ತಿಗೆ ಪೆಟ್ಟಿನವರಲ್ಲಿ ಮಂಪರು ಇನ್ನೂ ಗಂಭೀರ. ಪಕ್ಕೆಲುಬಿನ ಸ್ನಾಯುಗಳು ಕೆಲಸ ಮಾಡಲ್ಲ, ಕೆಮ್ಮೋ ಬಲ ಇಲ್ಲ, ನಿದ್ದೆಯಲ್ಲಿ ಉಸಿರು ಕಟ್ಟೋ ಸಮಸ್ಯೆಯೂ ಅವರಲ್ಲಿ ಹೆಚ್ಚು. ಬ್ಯಾಕ್ಲೋಫೆನ್, ಪ್ರಿಗ್ಯಾಬಲಿನ್, ನೋವಿನ ಟ್ರಾಮಡಾಲ್, ಮಂಪರು ತರೋ ಕ್ಲೋನಜೆಪಾಮ್ ಮೇಲೆ ಮೇಲೆ ಬಿದ್ದರೆ ಉಸಿರೇ ಮೆಲ್ಲಗಾಗುತ್ತೆ. ಮಲಗಿದಾಗ ನಿಮಿಷಕ್ಕೆ ಎಷ್ಟು ಸಲ ಹೊಟ್ಟೆ ಏರಿಳಿಯುತ್ತೆ ಅಂತ ಎಣಿಸಿ. 10ಕ್ಕಿಂತ ಕೆಳಗಿದ್ದು, ಕರೆದರೂ ಸರಿಯಾಗಿ ಎಚ್ಚರ ಆಗದಿದ್ದರೆ ಮುಂದಿನ ಡೋಸ್ ಕೊಡದೆ ನೇರ ಆಸ್ಪತ್ರೆಗೆ.

ಬ್ಯಾಕ್ಲೋಫೆನ್ ಹೆಚ್ಚಿನ ಭಾಗ ಕಿಡ್ನಿಯಿಂದಲೇ ಹೊರಗೆ ಹೋಗುತ್ತೆ. ವರ್ಷಗಟ್ಟಲೆ 60 ಮಿಗ್ರಾಂ ತಗೊಂಡು ಚೆನ್ನಾಗಿದ್ದವರು ದಿಢೀರ್ ಮಂಪರಿಗೆ ಬಿದ್ದರೆ ಕಿಡ್ನಿ ನೋಡಿ.

ಸುಮ್ನೆ_ಓದೋನು
ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 0.9 ಇದ್ರೆ ಕಿಡ್ನಿ ಸರಿ ಇದೆ ಅಂತ ತಾನೆ?

ಗುಳಿಗೆಪೆಟ್ಟಿಗೆ
ಅಲ್ಲ! ಕ್ರಿಯಾಟಿನಿನ್ ಹುಟ್ಟೋದು ಸ್ನಾಯುವಿನಿಂದ. ಕಾಲಿನ ಸ್ನಾಯು ಕರಗಿ ಸಣ್ಣ ಆದವರಲ್ಲಿ ಅದು ಹುಟ್ಟೋದೇ ಕಡಿಮೆ. 0.4 ಇದ್ದದ್ದು 0.9 ಆಯ್ತು ಅಂದ್ರೆ ಲ್ಯಾಬ್ ಕಾಗದದಲ್ಲಿ ನಾರ್ಮಲ್, ನಿಜದಲ್ಲಿ ದುಪ್ಪಟ್ಟಿಗಿಂತ ಹೆಚ್ಚಾಗಿದೆ. ಹಳೇ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿ. ಅನುಮಾನ ಇದ್ದರೆ ಕಿಡ್ನಿಯ ಇನ್ನೊಂದು ರಕ್ತ ಪರೀಕ್ಷೆ ಸಿಸ್ಟಾಟಿನ್ ಸಿ ಮಾಡಿಸೋಕೆ ಕೇಳಿ, ಅದು ಸ್ನಾಯುವನ್ನ ಅಷ್ಟಾಗಿ ನಂಬಿಕೊಂಡಿಲ್ಲ. ಭುಜನೋವಿಗೆ ಡೈಕ್ಲೋಫೆನಾಕ್ ತಿಂಗಳುಗಟ್ಟಲೆ ನುಂಗೋರಿಗೆ ಇದು ಇನ್ನೂ ಮುಖ್ಯ.

ರಿಹ್ಯಾಬ್_ಡಾಕ್ಟ್ರು
ಡೈಕ್ಲೋಫೆನಾಕ್‌ನಿಂದ ಹೊಟ್ಟೆಯಲ್ಲಿ ಹುಣ್ಣಾದರೂ ಉರಿ ಗೊತ್ತಾಗಲ್ಲ. ಟಾರಿನ ಥರ ಕಪ್ಪಗೆ, ಅಂಟಂಟಾದ ಮಲ, ಊಟ ಸೇರದಿರೋದು, ಕಾರಣವಿಲ್ಲದ ಸ್ಪಾಸಂ, ಭುಜದ ತುದಿಯಲ್ಲಿ ನೋವು, ಇವನ್ನೇ ನೋಡಬೇಕು. ಕಬ್ಬಿಣದ ಮಾತ್ರೆಯಲ್ಲೂ ಮಲ ಕಪ್ಪಾಗುತ್ತೆ ನಿಜ, ಆದರೆ ಅಂಟಂಟಾಗಿ ಕೆಟ್ಟ ವಾಸನೆ ಹೊಡೆಯಲ್ಲ.

ಬಿಸಿಲೂರು_ರಾಯಚೂರು
ಬ್ಲ್ಯಾಡರ್ ಗುಳಿಗಿ ಬಗ್ಗೆ ಯಾರೂ ಮಾತೇ ಆಡವಲ್ರಿ. ಆಕ್ಸಿಬ್ಯುಟಿನಿನ್ ಬೆವರು ಕಟ್ಟತೈತಿ. ಮ್ಯಾಲಿನ ಪೆಟ್ಟಿನವರಿಗೆ ಪೆಟ್ಟಿನ ಕೆಳಗ ಮೊದಲೇ ಬೆವರು ಬರಂಗಿಲ್ಲ, ಉಳಿದಿದ್ದು ಮಾರಿ, ಕುತ್ತಿಗಿ ಅಷ್ಟ. ಅದನ್ನೂ ಗುಳಿಗಿ ಕಟ್ಟಿದ್ರ ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಾಗ ಮೈ ಕುಕ್ಕರ್ ಆಗತೈತಿ. ಮಧ್ಯಾಹ್ನ ಮೈ 101 ಇತ್ತಂತ ಪ್ಯಾರಸಿಟಮಾಲ್ ಕೊಡ್ತಾರ. ಬಿಸಿಲಿನ ಕಾವಿಗೆ ಪ್ಯಾರಸಿಟಮಾಲ್ ಏನೂ ಮಾಡಂಗಿಲ್ಲ. ನೆರಳು, ಒದ್ದಿ ಅರಿವಿ, ಫ್ಯಾನು. ಅರ್ಧ ತಾಸಿನ್ಯಾಗ ಇಳೀತಂದ್ರ ಕಾವು ಇರಬೇಕು. ಇಳೀಲಿಲ್ಲಂದ್ರ ಇನ್‌ಫೆಕ್ಷನ್ ಹುಡುಕ್ರಿ. ತಲಿ ಗೊಂದಲ ಆಗಿದ್ರ ಕಾಯಬ್ಯಾಡ್ರಿ, ಗಾಡಿ ಕರೀರಿ.

ಧಾರವಾಡ_ಫಿಸಿಯೋ
ಅದ ಗುಂಪಿನಾಗ ನೆಗಡಿ ಗುಳಿಗಿನೂ ಸೇರಿಸ್ರಿ. ಕ್ಲೋರ್‌ಫೆನಿರಮಿನ್ ಇರ್ತೈತಿ, ಬಾಯಿ ಒಣಗಸ್ತೈತಿ, ಮಂಪರು ತರ್ತೈತಿ, ಮಲ ಕಟ್ಟತೈತಿ. ಜೋಡಿ ಫಿನೈಲೆಫ್ರಿನ್ ಇದ್ರ ಬಿಪಿ ಏರತೈತಿ.

ಕರಾವಳಿ_ಒಟಿ
ಮಲದ ವಿಷಯದಲ್ಲಿ ಮನೆಯವರು ಬೀಳುವ ದೊಡ್ಡ ಹೊಂಡ ಇದು: ನಾಲ್ಕು ದಿನ ಮಲ ಇಲ್ಲ, ಐದನೇ ದಿನ ನೀರುನೀರಾಗಿ ಸೋರುತ್ತದೆ. ‘ಭೇದಿ ಶುರುವಾಯ್ತು’ ಎಂದು ಲೋಪೆರಮೈಡ್ ಕೊಡುತ್ತಾರೆ. ಅದು ಭೇದಿ ಅಲ್ಲ ಮಾರಾಯ್ರೆ, ಟ್ರಾಮಡಾಲ್ ಅಥವಾ ಆಕ್ಸಿಬ್ಯುಟಿನಿನ್‌ನಿಂದ ಗಟ್ಟಿಯಾಗಿ ಕೂತ ಮಲದ ಸಂದಿನಿಂದ ನೀರು ಹರಿಯುವುದು. ಬೆರಳಿಗೆ ಗ್ಲೌಸ್ ಹಾಕಿ ನೋಡಿದರೆ ಕಲ್ಲಿನ ಹಾಗೆ ಸಿಗುತ್ತದೆ. ಗಟ್ಟಿ ಮಲ ಮೇಲಿನ ಕರುಳಿನಲ್ಲಿದ್ದರೆ ಬೆರಳಿಗೆ ಸಿಗದೆಯೂ ಇರಬಹುದು, ಹೊಟ್ಟೆ ಉಬ್ಬಿದ್ದರೆ ಎಕ್ಸ್‌ರೇ ಬೇಕು. ಟಿ6 ಅಥವಾ ಅದಕ್ಕಿಂತ ಮೇಲಿನ ಪೆಟ್ಟಾದರೆ ಬೆರಳು ಹಾಕುವ ಮೊದಲು ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ ಹಚ್ಚಿ ಕೆಲವು ನಿಮಿಷ ಕಾಯಬೇಕು, ಇಲ್ಲವಾದರೆ ಅದೇ ಡಿಸ್‌ರಿಫ್ಲೆಕ್ಸಿಯಾ ಎಬ್ಬಿಸುತ್ತದೆ.

ಹಾಗೆಯೇ ಇಸಬಗೋಲ್ ಕೊಟ್ಟು ನೀರು ಕೊಡದಿದ್ದರೆ ಅದೂ ಒಳಗೆ ಗಾರೆಯ ಹಾಗೆ ಕೂರುತ್ತದೆ.

ಸುಮ್ನೆ_ಓದೋನು
ಕಡಿಮೆ ಬಿಪಿ ಏರಿಸೋ ಮಿಡೋಡ್ರಿನ್ ಮಾತ್ರೆ ತಗೊಂಡಾಗ ತಲೆ ಜುಮ್ಮೆಂದು ಮೈ ರೋಮ ನಿಲ್ಲುತ್ತೆ ಅಂತಾರೆ. ಡಿಸ್‌ರಿಫ್ಲೆಕ್ಸಿಯಾದಲ್ಲೂ ರೋಮ ನಿಲ್ಲುತ್ತೆ. ಈಗ ಏನ್ ಮಾಡೋದು?

ಗುಳಿಗೆಪೆಟ್ಟಿಗೆ
ಮಿಡೋಡ್ರಿನ್‌ನಲ್ಲಿ ನೆತ್ತಿ ಕಡಿಯೋದು, ರೋಮ ನಿಲ್ಲೋದು ಮಾಮೂಲಿ. ಕೆಟ್ಟದ್ದು ಯಾವಾಗ ಅಂದ್ರೆ ಮಾತ್ರೆ ಹಾಕಿ ಮಲಗಿಸಿದಾಗ, ಬಿಪಿ ಜಿಗಿಯುತ್ತೆ. ಕೊನೇ ಡೋಸ್‌ಗೂ ಮಲಗೋದಕ್ಕೂ ಕನಿಷ್ಠ 4 ಗಂಟೆ ಅಂತರ ಇರಬೇಕು. ಮಾತ್ರೆಯಿಂದ ಆದದ್ದಾದರೆ ಕೂರಿಸಿದ ಮೇಲೆ ಇಳಿಯಬೇಕು.

ಕ್ಯಾತಿಟರ್_ಕಾಕಾ
ಕೂರಿಸಿದರೆ ಡಿಸ್‌ರಿಫ್ಲೆಕ್ಸಿಯಾನೂ ಸ್ವಲ್ಪ ಇಳಿಯುತ್ತಲ್ಲ? ಹಾಗಂತ ಮಾತ್ರೆ ತಪ್ಪು ಅಂದುಕೊಂಡು ಕೂತರೆ ಪೈಪು ಕಟ್ಟಿಕೊಂಡೇ ಇರುತ್ತೆ. ಇಲ್ಲಿ ಮಾತ್ರ ನಾನು ಬಿಡಲ್ಲ: ಮೊದಲು ಪೈಪು!

ರಿಹ್ಯಾಬ್_ಡಾಕ್ಟ್ರು
ಕಾಕಾ ಗೆದ್ದರು. ತಲೆ ಸಿಡಿಯೋ ನೋವು, ಮುಖ ಕೆಂಪು, ಪೆಟ್ಟಿನ ಮೇಲ್ಭಾಗ ಬೆವರು, ಬಿಪಿ ಏರಿಕೆ ಇದ್ದರೆ ಕಾರಣದ ಚರ್ಚೆ ಆಮೇಲೆ. ನೇರ ಕೂರಿಸಿ, ಕಾಲು ಕೆಳಗೆ ಬಿಡಿ, ಬೆಲ್ಟು, ಬಿಗಿ ಬಟ್ಟೆ, ಕಾಲುಚೀಲ ಸಡಿಲ ಮಾಡಿ, ಪೈಪು ಅಡಿಯಿಂದ ಮುಡಿಯವರೆಗೆ ನೋಡಿ, 2ರಿಂದ 5 ನಿಮಿಷಕ್ಕೊಮ್ಮೆ ಬಿಪಿ. ಪೈಪು ಸರಿಯಿದ್ದರೆ ಮಲ, ಆಮೇಲೆ ಚರ್ಮ, ಉಗುರು.

ಒಂದು ಮುಜುಗರದ ಪ್ರಶ್ನೆಯನ್ನೂ ಹಾಳೆಯಲ್ಲಿ ಮುಚ್ಚಿಡದೆ ಹಾಕಿ: ಲೈಂಗಿಕ ನಿಮಿರುವಿಕೆಗೆ ಕೊಡೋ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ತಗೊಂಡಿದ್ದಾರಾ, ಯಾವಾಗ? ಬಿಪಿ ಇಳಿಸೋಕೆ ನೈಟ್ರೇಟ್ ಕೊಟ್ಟರೆ ಇವುಗಳ ಜೊತೆ ಜೀವಕ್ಕೇ ಕುತ್ತು. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಹತ್ತಿರ ಬರಬಾರದು. ಅಪ್ಪ ಅಮ್ಮನ ಎದುರು ಹುಡುಗ ಹೇಳಲ್ಲ, ಅವರನ್ನ ಹೊರಗೆ ಕಳಿಸಿ ಕೇಳಿ.

ಟಿ4_ಗಾಲಿ
ಒಂಟಿಯಾಗಿ ಕೇಳಿ ಅನ್ನೋದಕ್ಕೆ ಹತ್ತು ಲೈಕ್.

ಸುಮ್ನೆ_ಓದೋನು
ವಿಷಯಾಂತರ: ‘ಅಡ್ಡ ಪರಿಣಾಮ’ ಅಂತ ಬರೆದ್ರೆ ಹಳ್ಳಿ ಕಡೆ ಗೊತ್ತಾಗುತ್ತಾ? ‘ಮಾತ್ರೆ ಹೀಟು’ ಅಂತಾರೆ ಎಲ್ಲದಕ್ಕೂ.

ಬಿಸಿಲೂರು_ರಾಯಚೂರು
‘ಗುಳಿಗಿ ಆಗಿ ಬರವಲ್ದು’ ಅಂತ ಬರೀರಿ, ಎಲ್ಲಾರಿಗೂ ತಿಳಿತೈತಿ. ಆದ್ರ ಹೀಟ್ ಆತಂತ ಬ್ಯಾಕ್ಲೋಫೆನ್ ಬಿಟ್ಟು ಎಳನೀರು ಕುಡಿಯೋರದಾರ, ಅದನ್ನ ತಡೀರಿ.

ರಿಹ್ಯಾಬ್_ಡಾಕ್ಟ್ರು
ಟ್ರಾಮಡಾಲ್ ಬಗ್ಗೆ ಒಂದು ಬಿಟ್ಟುಹೋಯ್ತು. ಅದರ ಜೊತೆ ನರದ ನೋವಿಗೆ, ಖಿನ್ನತೆಗೆ ಕೊಡೋ ಅಮಿಟ್ರಿಪ್ಟಿಲಿನ್ ಅಥವಾ ಡುಲೊಕ್ಸೆಟಿನ್ ಇದ್ದರೆ ಸೆರೊಟೋನಿನ್ (ಮೆದುಳಿನ ಒಂದು ರಾಸಾಯನಿಕ) ಹೆಚ್ಚಾಗಿ ನಡುಕ, ಪಾದ ಪಟಪಟ ಕುಣಿಯೋದು ಶುರುವಾಗಬಹುದು. ಪಾದ ಕುಣಿಯೋದು ಇವರಲ್ಲಿ ಮೊದಲೇ ಇರೋದರಿಂದ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ, ಬ್ಯಾಕ್ಲೋಫೆನ್ ಏರಿಸಿಬಿಡ್ತಾರೆ. ಪೆಟ್ಟಿನ ಮೇಲಿನ ಭಾಗ ನೋಡಿ: ಕೈ, ದವಡೆ ನಡುಗ್ತಿದೆಯಾ, ಕಣ್ಣಿನ ಪಾಪೆ ದೊಡ್ಡದಾಗಿದೆಯಾ, ಚಡಪಡಿಕೆ, ಜ್ವರ ಇದೆಯಾ.

ಮನೆಭೇಟಿ_ನರ್ಸ್
ಹಾಳೆ ಮೂರು ಭಾಗ ಮಾಡ್ತೀನಿ ಹಾಗಾದ್ರೆ. ಮೇಲೆ ಅವರ ಮಾಮೂಲಿ ಅಂಕಿಗಳು, ಮಧ್ಯೆ ಮಾತ್ರೆ ಬದಲಾದ ತಾರೀಕು, ಕೆಳಗೆ ‘ತಾವಾಗಿ ನಿಲ್ಲಿಸಬಾರದ್ದು’ ಅಂತ ಕೆಂಪಲ್ಲಿ ಬ್ಯಾಕ್ಲೋಫೆನ್. ಅಡ್ಡ ಪರಿಣಾಮ ಅಂತ ಅನುಮಾನ ಬಂದ್ರೆ ಸರ್ಕಾರಕ್ಕೆ ತಿಳಿಸೋದು ಎಲ್ಲಿ?

ಗುಳಿಗೆಪೆಟ್ಟಿಗೆ
2010ರಿಂದ ಕೇಂದ್ರದ ಔಷಧ ಜಾಗರೂಕತಾ ಕಾರ್ಯಕ್ರಮ ಇದೆ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ನಡೆಸುತ್ತೆ. ಉಚಿತ ಸಹಾಯವಾಣಿ 1800-180-3024. ರೋಗಿ, ಮನೆಯವರೂ ಹೇಳಬಹುದು, ಡಾಕ್ಟರೇ ಆಗಬೇಕಿಲ್ಲ. ಮಾತ್ರೆ ಹೆಸರು, ಬ್ಯಾಚ್ ನಂಬರ್, ಶುರುವಾದ ತಾರೀಕು ಕೈಯಲ್ಲಿರಲಿ. ಅದು ತುರ್ತು ಚಿಕಿತ್ಸೆಯ ನಂಬರ್ ಅಲ್ಲ ಅಂತಲೂ ಬರೀರಿ.

ಕರಾವಳಿ_ಒಟಿ
ಬ್ಯಾಚ್ ನಂಬರ್ ಎಲ್ಲಿ ಉಳಿಯುತ್ತದೆ? ಆರು ಮಾತ್ರೆ ಕೇಳಿದರೆ ಅಂಗಡಿಯವರು ಕತ್ತರಿ ಹಾಕಿ ಹೆಸರೇ ಇಲ್ಲದ ತುಂಡು ಕೊಡುತ್ತಾರೆ.

ಗುಳಿಗೆಪೆಟ್ಟಿಗೆ
ನಮ್ಮ ಕಸುಬಿನವರ ತಪ್ಪೇ ಅದು. ಬಿಲ್ ಕೇಳಿ, ಅದರಲ್ಲಿ ಬ್ಯಾಚ್ ನಂಬರ್ ಇರಬೇಕು. ಮನೆಯಲ್ಲಿ ಹೆಸರು, ತಾರೀಕು ಅಚ್ಚಾದ ಕಡೆಯನ್ನ ಕೊನೆಗೆ ಉಳಿಸಿ, ಎದುರು ತುದಿಯಿಂದ ಒಡೆಯುತ್ತಾ ಬನ್ನಿ. ಖಾಲಿ ಪಟ್ಟಿಯನ್ನ ತಿಂಗಳು ಮುಗಿಯೋವರೆಗೆ ಡಬ್ಬಿಯಲ್ಲೇ ಇಡಿ.

ಕ್ಯಾತಿಟರ್_ಕಾಕಾ
ಡಬ್ಬಿ ಮೇಲೆ ದೊಡ್ಡದಾಗಿ ಬರೀರಿ: ಮೊದಲು ಪೈಪು 😄